ಪ್ರಶ್ನೆಗೆ ಸಮನ್ಸ್ ಉತ್ತರವಲ್ಲ

ಭಾರತೀಯ ದಂಡ ಸಂಹಿತೆಯನ್ನು ರೂಪಿಸಿದವರ ಕಣ್ಣೆದುರು ಒಬ್ಬ ಶಾಲಾ ಉಪಾಧ್ಯಾಯನಿದ್ದ. 1860ರ ಆ ಸಂಹಿತೆಯ 499ನೇ ಕಲಂ ಮಾನಹಾನಿಯನ್ನು ಅಪರಾಧವೆಂದು ಸಾರಿ, ಅದರ ಬೆನ್ನಿಗೇ ಹತ್ತು ವಿನಾಯಿತಿಗಳನ್ನು ಪಟ್ಟಿ ಮಾಡಿತು. ಏಳನೆಯ ವಿನಾಯಿತಿಗೆ ಕೊಟ್ಟ ಉದಾಹರಣೆಗಳಲ್ಲಿ ಒಂದರ ಸಾರಾಂಶ ಇಷ್ಟು: ಪಾಲಕರಿಂದ ಅಧಿಕಾರ ಪಡೆದ ಉಪಾಧ್ಯಾಯನು ಸದ್ಭಾವನೆಯಿಂದ ಒಬ್ಬ ವಿದ್ಯಾರ್ಥಿಯನ್ನು ಇತರ ವಿದ್ಯಾರ್ಥಿಗಳ ಎದುರಿನಲ್ಲಿ ಖಂಡಿಸಿದರೆ ಅದು ಮಾನಹಾನಿಯಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೆ ಈ ಹತ್ತೂ ವಿನಾಯಿತಿಗಳು, ಆ ಉಪಾಧ್ಯಾಯನ ಸಮೇತ, ಹಾಗೆಯೇ ದಾಟಿ ಬಂದಿವೆ.

ಅದೇ ತರಗತಿಯಲ್ಲಿ ಎದ್ದು ನಿಂತು, ‘ಮೇಷ್ಟ್ರೇ, ಮೂರು ವಾರದಿಂದ ಈ ಪಾಠ ಏಕೆ ನಡೆದಿಲ್ಲ?’ ಎಂದು ಇತರರ ಎದುರಿನಲ್ಲಿಯೇ ಕೇಳುವ ವಿದ್ಯಾರ್ಥಿಗೆ ಮಾತ್ರ ಅಂಥ ಉದಾಹರಣೆಯೊಂದನ್ನು ಯಾರೂ ಬರೆದಿಲ್ಲ. ಕಾನೂನು ಆತನನ್ನು ಕೈಬಿಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಆತನಿಗೆ ದೊರಕುವ ರಕ್ಷಣೆಯನ್ನು ಬೇರೆ ವಿನಾಯಿತಿಗಳಲ್ಲಿ ಹುಡುಕಬೇಕು, ವಕೀಲರನ್ನಿಟ್ಟು ವಾದಿಸಬೇಕು, ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು. ಗುರುವಿಗೆ ಮುಂಗಡವಾಗಿ ಬರೆದಿಟ್ಟ ಅಭಯವು ಶಿಷ್ಯನಿಗೆ ಮೊಕದ್ದಮೆಯ ಕೊನೆಯಲ್ಲಿ, ದೊರೆತರೆ, ದೊರೆಯುತ್ತದೆ. ನಮ್ಮ ವಿದ್ಯಾಸಂಸ್ಥೆಗಳಲ್ಲಿ ಮಾತಿನ ಸ್ವಾತಂತ್ರ್ಯದ ಸಮಸ್ಯೆ ಇರುವುದು ಈ ಅಂತರದಲ್ಲಿ.

ಈ ವಿಷಯವನ್ನು ರಾಜಧಾನಿಯ ಕಣ್ಣಿನಿಂದ ನೋಡುವುದಕ್ಕಿಂತ ತುಂಗಭದ್ರೆಯ ಆಸುಪಾಸಿನ ನಾಲ್ಕು ಊರುಗಳಲ್ಲಿ ಇಟ್ಟು ನೋಡುವುದು ಹೆಚ್ಚು ಪ್ರಯೋಜನಕಾರಿ. ಅಲ್ಲಿ ಯಾವುದೋ ಪ್ರಸಿದ್ಧ ಮೊಕದ್ದಮೆ ನಡೆದಿದೆ ಎಂಬುದು ಇದಕ್ಕೆ ಕಾರಣವಲ್ಲ. ಉನ್ನತ ಶಿಕ್ಷಣವು ನಮ್ಮ ನಾಡಿನ ಸಾಮಾನ್ಯ ಕುಟುಂಬಗಳಿಗೆ ಹೇಗೆ ತಲುಪುತ್ತಿದೆ ಎಂಬುದು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ. ಹೊಸಪೇಟೆ 2021ರ ಅಕ್ಟೋಬರ್‌ನಿಂದ ವಿಜಯನಗರ ಜಿಲ್ಲೆಯ ಕೇಂದ್ರ. ಹಂಪಿಯ ಮಗ್ಗುಲಲ್ಲಿ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವಿದೆ. ಸಂಶೋಧನೆಯೇ ಅದರ ಮುಖ್ಯ ಕಾಯಕ. ಸಂಡೂರಿನ ನಂದಿಹಳ್ಳಿಯಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಕಂಪ್ಲಿಯ ಭತ್ತದ ಗದ್ದೆಗಳಿಂದ ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಆಲ್ಬರ್ಟ್ ಹರ್ಷ್‌ಮನ್ ನೆನಪಾಗುತ್ತಾರೆ. 1970ರಲ್ಲಿ ಪ್ರಕಟವಾದ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ ಎಂಬ ಕೃತಿಯಲ್ಲಿ ಅವರು ಎತ್ತಿದ ಪ್ರಶ್ನೆ ಸರಳವಾದದ್ದು. ಒಂದು ಸಂಸ್ಥೆ ಕಳಪೆಯಾಗುತ್ತ ಹೋದಾಗ ಅದನ್ನು ಅವಲಂಬಿಸಿದವರು ಏನು ಮಾಡಬಲ್ಲರು? ಬಿಟ್ಟು ಹೋಗಬಹುದು, ಇಲ್ಲವೇ ದನಿ ಎತ್ತಬಹುದು. ಬಿಟ್ಟು ಹೋಗುವ ದಾರಿ ಇಕ್ಕಟ್ಟಾದಷ್ಟೂ ದನಿಯ ಬೆಲೆ ಹೆಚ್ಚುತ್ತದೆ. ಬೆಂಗಳೂರಿನ ಅನುಕೂಲಸ್ಥ ಕುಟುಂಬದ ಹುಡುಗನಿಗೆ ಕಾಲೇಜು ಹಿಡಿಸದಿದ್ದರೆ ಮುಂದಿನ ವರ್ಷ ಮತ್ತೊಂದು ಕಾಲೇಜು. ಕಂಪ್ಲಿಯ ಹುಡುಗಿಗೆ ಹಾಗಲ್ಲ. ಹೊಸಪೇಟೆಗೋ ಹೊಳೆಯಾಚೆಯ ಗಂಗಾವತಿಗೋ ಬಸ್ಸು ಹಿಡಿಯಬೇಕು. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ಆ ದಾರಿಯೂ ಮುಚ್ಚುತ್ತದೆ. ಪ್ರಯೋಗಾಲಯದಲ್ಲಿ ಉಪಕರಣವಿಲ್ಲ, ಮಾರ್ಗದರ್ಶಕರು ಅಧ್ಯಾಯವನ್ನು ಆರು ತಿಂಗಳಾದರೂ ಓದಿಲ್ಲ, ಶಿಷ್ಯವೇತನ ಬಂದಿಲ್ಲ ಎಂದು ಹೇಳಿಕೊಳ್ಳುವುದು ಮಾತ್ರ ಅವಳ ಕೈಯಲ್ಲಿ ಉಳಿದಿರುವ ಸಾಧನ. ಆ ದನಿಯನ್ನೂ ಮಾನಹಾನಿಯ ನೋಟಿಸಿನಿಂದ ಅಡಗಿಸಿದರೆ ಸಂಸ್ಥೆಯನ್ನು ತಿದ್ದುವ ಶಕ್ತಿ ಊರಿನಲ್ಲಿ ಯಾರ ಬಳಿಯೂ ಉಳಿಯುವುದಿಲ್ಲ.

ಅದೇ 1970ರಲ್ಲಿ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಪ್ರಬಂಧವೊಂದನ್ನು ಬರೆದರು. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಸರಕಿನ ನಿಜ ಸ್ಥಿತಿ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಒಳ್ಳೆಯ ಸರಕು ಮಾರುಕಟ್ಟೆಯಿಂದ ಕ್ರಮೇಣ ಮಾಯವಾಗುತ್ತದೆ ಎಂಬುದು ಅವರ ವಾದ. ಶಿಕ್ಷಣವೂ ಅಂಥದೇ ಸರಕು. ಅದರ ಗುಣ ತಿಳಿಯುವ ಹೊತ್ತಿಗೆ ಮೂರು ವರ್ಷ ಕಳೆದಿರುತ್ತದೆ, ತಂದೆ ಮಾಡಿದ ಸಾಲ ಉಳಿದಿರುತ್ತದೆ. ಈಗಾಗಲೇ ಓದುತ್ತಿರುವವರ ಮಾತು ಮುಂದೆ ಸೇರುವವರಿಗೆ ಇರುವ ಮುಖ್ಯ ಮಾಹಿತಿ. ಅದನ್ನು ಹತ್ತಿಕ್ಕಿದರೆ ನಷ್ಟವಾಗುವುದು ಮಾತನಾಡಿದವನೊಬ್ಬನಿಗೇ ಅಲ್ಲ. ಚೆನ್ನಾಗಿ ನಡೆಯುತ್ತಿರುವ ಕಾಲೇಜಿಗೂ ನಷ್ಟ, ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ವ್ಯತ್ಯಾಸ ತಿಳಿಯದೆ ಶುಲ್ಕ ಕಟ್ಟುವ ಪಾಲಕರಿಗೂ ನಷ್ಟ.

ಇದಕ್ಕೆ ಐಐಪಿಎಂ ಎಂಬ ಖಾಸಗಿ ನಿರ್ವಹಣಾ ಶಿಕ್ಷಣ ಸಂಸ್ಥೆಯ ಕಥೆಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದರ ಮುಖ್ಯಸ್ಥರನ್ನು ಕುರಿತು 2011ರ ಫೆಬ್ರುವರಿಯಲ್ಲಿ ‘ಕ್ಯಾರವಾನ್’ ನಿಯತಕಾಲಿಕ ಒಂದು ದೀರ್ಘ ಲೇಖನ ಪ್ರಕಟಿಸಿತು. ಪತ್ರಿಕೆ ಇದ್ದುದು ದೆಹಲಿಯಲ್ಲಿ. ಮಾನನಷ್ಟ ದಾವೆ ಹೂಡಿದ್ದು ಅಸ್ಸಾಮಿನ ಸಿಲ್ಚಾರ್‌ನಲ್ಲಿ. ಅಲ್ಲಿ ದೊರೆತ ತಡೆಯಾಜ್ಞೆಯಿಂದಾಗಿ ಆ ಲೇಖನ 2018ರವರೆಗೆ ಓದುಗರಿಗೆ ದೊರೆಯಲಿಲ್ಲ. 2013ರ ಫೆಬ್ರುವರಿಯಲ್ಲಿ ಗ್ವಾಲಿಯರ್‌ನ ನ್ಯಾಯಾಲಯವೊಂದರ ಆದೇಶದಂತೆ ಈ ಸಂಸ್ಥೆಯನ್ನು ಟೀಕಿಸಿದ ಎಪ್ಪತ್ತಕ್ಕೂ ಹೆಚ್ಚು ಅಂತರ್ಜಾಲ ಪುಟಗಳಿಗೆ ತಡೆ ಬಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವೇ ವಿದ್ಯಾರ್ಥಿಗಳನ್ನು ಎಚ್ಚರಿಸಲು ಹೊರಡಿಸಿದ್ದ ಸೂಚನೆಯೂ ಅವುಗಳಲ್ಲಿ ಒಂದಾಗಿತ್ತು. 2014ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ತನ್ನ ಕೋರ್ಸುಗಳನ್ನು ಎಂಬಿಎ, ಬಿಬಿಎ ಎಂದು ಕರೆದುಕೊಳ್ಳದಂತೆ ಈ ಸಂಸ್ಥೆಯನ್ನು ನಿರ್ಬಂಧಿಸಿತು. ಎಚ್ಚರಿಕೆಯ ಮಾತಿಗೆ ಬೀಗ ಬಿದ್ದಿದ್ದ ಅವಧಿಯಲ್ಲಿ ಶುಲ್ಕ ಕಟ್ಟಿದವರ ಪಾಲಿಗೆ ಆ ಆದೇಶ ತಡವಾಗಿ ಬಂದಿತ್ತು.

ಹಾಗಾದರೆ ಕಾನೂನು ವಿದ್ಯಾರ್ಥಿಗೆ ಏನನ್ನೂ ಕೊಟ್ಟಿಲ್ಲವೇ? ಕೊಟ್ಟಿದೆ, ಅದನ್ನು ತಿಳಿದುಕೊಳ್ಳುವುದು ಲೇಸು. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಮೊದಲನೆಯ ವಿನಾಯಿತಿ. ಸರ್ಕಾರಿ ನೌಕರನು ತನ್ನ ಹುದ್ದೆಯ ಕೆಲಸದಲ್ಲಿ ತೋರಿದ ನಡವಳಿಕೆಯ ಬಗೆಗೆ ಸದ್ಭಾವನೆಯ ಅಭಿಪ್ರಾಯ ಎರಡನೆಯದು. ಪ್ರಕಟವಾದ ಕೃತಿಯ ವಿಮರ್ಶೆ ಆರನೆಯದು. ಇಲ್ಲಿನ ಉದಾಹರಣೆ ಸ್ವಾರಸ್ಯಕರವಾಗಿದೆ: ಪುಸ್ತಕ ಮೂರ್ಖತನದ್ದು, ಆದ್ದರಿಂದ ಬರೆದವನು ದುರ್ಬಲಮತಿ ಎಂದು ಸದ್ಭಾವನೆಯಿಂದ ಹೇಳಬಹುದು, ಬರೆದವನೇ ಹೀನ, ಹಾಗಾಗಿ ಪುಸ್ತಕ ಹೀಗಿರುವುದು ಆಶ್ಚರ್ಯವಲ್ಲ ಎನ್ನುವಂತಿಲ್ಲ. ಮಾತು ಕೃತಿಯಿಂದ ಹೊರಡಬೇಕು, ವ್ಯಕ್ತಿಯಿಂದಲ್ಲ. ನಮ್ಮ ವಿಚಾರ ಸಂಕಿರಣಗಳ ವೇದಿಕೆಯ ಮೇಲೆ ಬರೆದು ತೂಗುಹಾಕಬೇಕಾದ ಮಾತಿದು. ಎಂಟನೆಯ ವಿನಾಯಿತಿ ವಿದ್ಯಾರ್ಥಿಗೆ ಅತ್ಯಂತ ಹತ್ತಿರದ್ದು: ಕ್ರಮ ಕೈಗೊಳ್ಳುವ ಅಧಿಕಾರವಿರುವವರ ಮುಂದೆ ಸದ್ಭಾವನೆಯಿಂದ ಸಲ್ಲಿಸಿದ ದೂರು ಮಾನಹಾನಿಯಾಗದು.

ಸದ್ಭಾವನೆ ಎಂಬ ಪದಕ್ಕೆ ಕಾನೂನಿನಲ್ಲಿ ಒಳ್ಳೆಯ ಮನಸ್ಸು ಎಂದಷ್ಟೇ ಅರ್ಥವಿಲ್ಲ. ತಕ್ಕ ಎಚ್ಚರ ಮತ್ತು ಗಮನದಿಂದ ಮಾಡಿದ್ದು ಎಂದು ಅರ್ಥ. ದೂರುವ ವಿದ್ಯಾರ್ಥಿ ದಿನಾಂಕ ಬರೆದಿಡಬೇಕು, ದಾಖಲೆ ನೋಡಬೇಕು, ಕೇಳಿದ್ದನ್ನು ಕಂಡದ್ದೆಂದು ಹೇಳಬಾರದು. ಈ ಹೊಣೆಯಿಂದ ಅವನನ್ನು ಬಿಡಿಸಬೇಕೆಂದು ನಾನು ವಾದಿಸುವುದಿಲ್ಲ. ವಿದ್ಯೆ ಎಂದರೆ ಬಹುಮಟ್ಟಿಗೆ ಈ ಎಚ್ಚರವೇ ತಾನೆ?

ತೊಡಕಿರುವುದು ಬೇರೆಡೆ. ವಿನಾಯಿತಿ ತನಗೆ ಅನ್ವಯಿಸುತ್ತದೆ ಎಂದು ತೋರಿಸುವ ಭಾರ ಆರೋಪಿಯ ಮೇಲಿದೆ, ಅದನ್ನು ಹೊರುವ ಸಂದರ್ಭ ಬರುವುದು ವಿಚಾರಣೆಯಲ್ಲಿ. ಅಲ್ಲಿಗೆ ತಲುಪುವ ಹಾದಿ ಎಷ್ಟು ಉದ್ದ ಎಂಬುದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ. ಗೌರಿ ಲಂಕೇಶ್ ಅವರ ಪತ್ರಿಕೆಯಲ್ಲಿ 2008ರ ಜನವರಿಯಲ್ಲಿ ಪ್ರಕಟವಾದ ವರದಿಯ ಮೇಲಿನ ಮಾನಹಾನಿ ಮೊಕದ್ದಮೆಯಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಆರು ತಿಂಗಳ ಶಿಕ್ಷೆ ವಿಧಿಸಿದ್ದು 2016ರ ನವೆಂಬರ್‌ನಲ್ಲಿ. ಆ ತೀರ್ಪಿನ ಸರಿತಪ್ಪು ಇಲ್ಲಿ ನನ್ನ ವಿಷಯವಲ್ಲ. ಕೆಳಹಂತದ ತೀರ್ಪಿಗೇ ಎಂಟು ವರ್ಷಕ್ಕೂ ಹೆಚ್ಚು ಹಿಡಿಯಿತೆಂಬುದನ್ನು ಮಾತ್ರ ಗಮನಿಸಿ. ಪಿಎಚ್.ಡಿ. ವಿದ್ಯಾರ್ಥಿಯ ಜೀವನದಲ್ಲಿ ಎಂಟು ವರ್ಷವೆಂದರೆ ಸಂಶೋಧನೆ, ನೌಕರಿ, ಮದುವೆ ಎಲ್ಲ ಮುಗಿಯುವ ಅವಧಿ. ಕೋಲಾರದಲ್ಲಿ 2019ರಲ್ಲಿ ಆಡಿದ ಚುನಾವಣಾ ಭಾಷಣಕ್ಕೆ ರಾಹುಲ್ ಗಾಂಧಿಯವರು ಸೂರತ್‌ನ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಯಿತು. 2023ರ ಮಾರ್ಚ್‌ನಲ್ಲಿ ವಿಧಿಸಿದ ಎರಡು ವರ್ಷದ ಶಿಕ್ಷೆಯ ದೋಷನಿರ್ಣಯಕ್ಕೆ ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ರಾಷ್ಟ್ರೀಯ ಪಕ್ಷದ ನಾಯಕರು ಊರಿಂದೂರಿಗೆ ವಕೀಲರ ಪಡೆ ಕಳಿಸಬಲ್ಲರು. ಶಿಷ್ಯವೇತನದಲ್ಲಿ ಬದುಕುವ ಸಂಡೂರಿನ ಹುಡುಗ ವಾಯಿದೆಗೆ ಹೋಗಿಬರುವ ಬಸ್ ಚಾರ್ಜನ್ನೂ ಲೆಕ್ಕ ಹಾಕಬೇಕು. ಎದುರಿನ ಸಂಸ್ಥೆಯ ವಕೀಲರ ಶುಲ್ಕ ಭರಿಸುವುದು ಮಾತ್ರ ಸಂಸ್ಥೆಯ ನಿಧಿ, ಎಂದರೆ ಬಹುಪಾಲು ಆ ಹುಡುಗನಂಥವರು ಕಟ್ಟಿದ ಶುಲ್ಕ. ಒಬ್ಬನಿಗೆ ಖರ್ಚಿಲ್ಲ, ಇನ್ನೊಬ್ಬನಿಗೆ ತಾಳಲಾರದ ಖರ್ಚು ಎಂದಾಗ ಮೊಕದ್ದಮೆಯ ಫಲಿತಾಂಶಕ್ಕಿಂತ ಮೊಕದ್ದಮೆಯ ಬೆದರಿಕೆಯೇ ಕೆಲಸ ಮುಗಿಸುತ್ತದೆ.

ನ್ಯಾಯಾಂಗಕ್ಕೆ ಇದು ತಿಳಿಯದ ಸಂಗತಿಯಲ್ಲ. 2016ರ ಮೇ ತಿಂಗಳಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾನಹಾನಿಯನ್ನು ಅಪರಾಧವಾಗಿಯೇ ಉಳಿಸಿತು. ವ್ಯಕ್ತಿಯ ಗೌರವ ಸಂವಿಧಾನದ 21ನೇ ವಿಧಿಯ ಭಾಗವೆಂದಿತು. ಅದೇ ತೀರ್ಪಿನಲ್ಲಿ ಸಮನ್ಸ್ ಕಳಿಸುವ ಮುನ್ನ ಮ್ಯಾಜಿಸ್ಟ್ರೇಟರು ಅತ್ಯಂತ ಎಚ್ಚರ ವಹಿಸಬೇಕೆಂದೂ ಹೇಳಿತು. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ, ವಿಚಾರಣೆಗೆ ಮುಂಚೆಯೇ ಬರಹಕ್ಕೆ ತಡೆಯಾಜ್ಞೆ ಕೊಡುವುದರ ಅಪಾಯವನ್ನೂ ಹಣಬಲದವರು ದಾವೆಯನ್ನೇ ಅಸ್ತ್ರವಾಗಿಸಿಕೊಳ್ಳುವ ರೂಢಿಯನ್ನೂ ಎತ್ತಿ ತೋರಿಸಿತು. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ ಪ್ರಕಾರ ಖಾಸಗಿ ದೂರನ್ನು ಗಣನೆಗೆ ತೆಗೆದುಕೊಳ್ಳುವ ಮುನ್ನವೇ ಆರೋಪಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ಇವೆಲ್ಲ ಸ್ವಾಗತಾರ್ಹ. ಆದರೆ ಇವು ನ್ಯಾಯಾಲಯದ ಹೊಸ್ತಿಲಲ್ಲಿ ನಿಂತಿರುವ ರಕ್ಷಣೆಗಳು. ವಿದ್ಯಾಸಂಸ್ಥೆಯ ಜಗಳ ಆ ಹೊಸ್ತಿಲಿಗೆ ಹೋಗುವುದೇಕೆ ಎಂಬುದು ನನ್ನ ಪ್ರಶ್ನೆ.

ಮಾನಹಾನಿಯ ಕಲಂ ಇಲ್ಲದೆಯೂ ಇದೇ ಮನೋಭಾವ ಬೇರೆ ರೂಪಗಳಲ್ಲಿ ಕೆಲಸ ಮಾಡುತ್ತದೆ. ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ, ಆಡಳಿತವನ್ನು ಫೇಸ್‌ಬುಕ್ಕಿನಲ್ಲಿ ಟೀಕಿಸಿದ ವಿದ್ಯಾರ್ಥಿಯೊಬ್ಬನನ್ನು ಹೊರಹಾಕಲಾಯಿತು. ಮತ್ತೊಬ್ಬ ಸಂಶೋಧನಾ ವಿದ್ಯಾರ್ಥಿಯ ಬಂಧನದ ಬಗ್ಗೆ ಬರೆದ ಪ್ರಾಧ್ಯಾಪಕರು ಅಮಾನತಾದರು. 2021ರಲ್ಲಿ ತರಗತಿಯಲ್ಲಿ ಆಡಿದ ಮಾತಿಗಾಗಿ ಇನ್ನೊಬ್ಬ ಅಧ್ಯಾಪಕರ ಅಮಾನತಾಗಿ, ಅನಂತರ ಅದು ರದ್ದಾಯಿತು. ಬೀದರ್‌ನ ಶಾಹೀನ್ ಶಾಲೆಯಲ್ಲಿ 2020ರ ಜನವರಿಯಲ್ಲಿ ಮಕ್ಕಳು ಆಡಿದ ನಾಟಕಕ್ಕೆ ದೇಶದ್ರೋಹದ ಪ್ರಕರಣವೇ ದಾಖಲಾಯಿತು. ಮುಖ್ಯ ಶಿಕ್ಷಕಿಯೂ ಒಬ್ಬ ವಿದ್ಯಾರ್ಥಿನಿಯ ತಾಯಿಯೂ ಜೈಲು ಸೇರಿದರು, ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ಪ್ರಶ್ನಿಸಿದರು. 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿನ ಪ್ರಕರಣವನ್ನು ರದ್ದುಪಡಿಸಿತು. ಪ್ರಧಾನಿಯ ಕುರಿತ ಆ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು, ಆದರೆ ದೇಶದ್ರೋಹವಲ್ಲ ಎಂದಿತು. ಸರ್ಕಾರದ ನೀತಿಗಳ ಟೀಕೆಯಿಂದ ಮಕ್ಕಳನ್ನು ದೂರವಿಡುವಂತೆ ಶಾಲೆಗಳಿಗೆ ಹಿತವಚನವನ್ನೂ ಹೇಳಿತು. ಮಕ್ಕಳಿಗೆ ನಾಲಿಗೆಯ ಸಂಯಮ ಕಲಿಸಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಹದಿನೆಂಟು ತುಂಬಿದ ದಿನ ಮತ ಹಾಕಬೇಕಾದ ಪ್ರಜೆ ಹದಿನೇಳರವರೆಗೆ ನೀತಿ, ಟೀಕೆ ಎಂಬ ಪದಗಳನ್ನೇ ಕೇಳದಿದ್ದರೆ ಆ ಸಂಯಮವನ್ನಾದರೂ ಎಲ್ಲಿ ಕಲಿಯಬೇಕು?

ಹಂಪಿಯ ಮಟ್ಟಿಗೆ ಈ ಪ್ರಶ್ನೆ ಇನ್ನೂ ಆಳಕ್ಕೆ ಹೋಗುತ್ತದೆ. ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧನೆಯ ವಸ್ತುವೇ ನಾಡಿನ ಚರಿತ್ರೆ, ಸಮುದಾಯಗಳು, ಮೌಖಿಕ ಪರಂಪರೆ. ವಿಜಯನಗರದ ಸ್ಥಾಪಕರು ಎಲ್ಲಿಂದ ಬಂದವರು, 1565ರ ಯುದ್ಧದ ಅನಂತರ ಹಂಪಿ ಹಾಳಾದದ್ದು ಹೇಗೆ, ಕಂಪಿಲರಾಯನ ಮಗ ಕುಮಾರರಾಮನ ಕಥೆಯಲ್ಲಿ ಇತಿಹಾಸವೆಷ್ಟು ಎಂಬ ಯಾವ ಚರ್ಚೆಯೂ ಯಾರಾದರೊಬ್ಬರ ಮನಸ್ಸಿಗೆ ತಾಗದೆ ಮುಗಿಯುವುದಿಲ್ಲ. ಗತಿಸಿದವರ ಮಾನದ ವಿಷಯದಲ್ಲಿ ಕಾನೂನು ಸಾಕಷ್ಟು ಮಿತವಾಗಿಯೇ ಇದೆ: ಬದುಕಿದ್ದರೆ ಅವರ ಹೆಸರಿಗೆ ಕುಂದು ತರುತ್ತಿದ್ದ, ಜೊತೆಗೆ ಅವರ ಕುಟುಂಬದವರ ಅಥವಾ ಹತ್ತಿರದ ಬಂಧುಗಳ ಭಾವನೆಯನ್ನು ನೋಯಿಸುವ ಉದ್ದೇಶವಿರುವ ಮಾತು ಮಾತ್ರ ಮಾನಹಾನಿ. ನಾಲ್ಕಾರು ಶತಮಾನದ ಹಿಂದಿನವರಿಗೆ ಇದು ಅನ್ವಯಿಸುವುದು ಕಷ್ಟ. ಸಮಾಜ ಮಾತ್ರ ಕಾನೂನಿಗಿಂತ ಕಟುವಾಗಿದೆ.

1998ರಿಂದ 2001ರವರೆಗೆ ಇದೇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಂ.ಎಂ. ಕಲಬುರ್ಗಿಯವರು ಅದಕ್ಕೂ ಮೊದಲು, 1989ರಲ್ಲಿ, ‘ಮಾರ್ಗ’ ಸಂಪುಟದ ಕೆಲವು ಬರಹಗಳನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. ಹನ್ನೆರಡನೆಯ ಶತಮಾನದ ಶರಣರ ಕುಟುಂಬಕ್ಕೆ ಸಂಬಂಧಿಸಿದ ವಿದ್ವತ್ ಪ್ರಶ್ನೆಗಳವು. ಅದನ್ನು ಅವರು ತಮ್ಮ ಬೌದ್ಧಿಕ ಆತ್ಮಹತ್ಯೆ ಎಂದು ಕರೆದರು. ಯಾವ ನ್ಯಾಯಾಧೀಶರೂ ಆ ಪುರಾವೆಗಳನ್ನು ಪರಿಶೀಲಿಸಲಿಲ್ಲ, ಯಾವ ವಿದ್ವತ್ ಸಭೆಯೂ ಅವನ್ನು ತಪ್ಪೆಂದು ತೋರಿಸಿ ಮುಗಿಸಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲಿ ಏನಾಯಿತೆಂಬುದು ನಾಡಿಗೆ ಗೊತ್ತು. ಮಾತಿಗೆ ಮಾತಿನಿಂದ ಉತ್ತರಿಸುವ ಅಭ್ಯಾಸ ತಪ್ಪಿದ ಸಮಾಜ ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಅಂದು ಕಂಡೆವು. ಆ ಅಭ್ಯಾಸ ಬೆಳೆಯಬೇಕಾದ ಜಾಗ ವಿಶ್ವವಿದ್ಯಾಲಯ.

ಸಂಡೂರಿನಲ್ಲಿ ಪ್ರಶ್ನೆಯ ರೂಪ ಬೇರೆ. ಕಂಪನಿಗೂ ಸಂಘಸಂಸ್ಥೆಗಳಿಗೂ ಮಾನವಿದೆ ಎಂದು ಕಾನೂನಿನ ಎರಡನೆಯ ವಿವರಣೆ ಹೇಳುತ್ತದೆ. ಅದಿರಿನ ಬೆಟ್ಟಗಳ ಬುಡದಲ್ಲಿ ಕೂತು ಅರ್ಥಶಾಸ್ತ್ರವನ್ನೋ ಭೂಗರ್ಭಶಾಸ್ತ್ರವನ್ನೋ ಓದುವ ವಿದ್ಯಾರ್ಥಿ ಗಣಿಗಾರಿಕೆಯ ದೂಳು, ಅಂತರ್ಜಲ, ಕೂಲಿ, ರಾಜಧನ ಇವುಗಳನ್ನು ಬಿಟ್ಟು ಬೇರೆ ಏನನ್ನು ಸಂಶೋಧಿಸಬೇಕು? ಸಂಶೋಧಿಸಿದ ಮೇಲೆ ಕಂಪನಿಯ ಹೆಸರು ಬರೆಯಬೇಕೋ ಬೇಡವೋ? 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಎರಡು ದಿನಗಳ ಅನಂತರ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಗಣಿಗಳನ್ನು ಮೂರು ವರ್ಗವಾಗಿ ವಿಂಗಡಿಸಿ, ಹೆಚ್ಚು ಅಕ್ರಮ ಕಂಡುಬಂದ ಗುತ್ತಿಗೆಗಳನ್ನು ರದ್ದುಪಡಿಸಿತು. ಇಷ್ಟು ದೂರ ಬಂದದ್ದು ಲೋಕಾಯುಕ್ತರ ಅಧಿಕಾರ ಮತ್ತು ಸಮಾಜ ಪರಿವರ್ತನ ಸಮುದಾಯದಂಥ ಸಂಘಟನೆಯ ಹಠ ಇದ್ದುದರಿಂದ. ಊರಿನ ಪಕ್ಕದಲ್ಲೇ ಇರುವ ಸ್ನಾತಕೋತ್ತರ ಕೇಂದ್ರದಿಂದ ಇಂಥ ಅಧ್ಯಯನ ನಿರ್ಭಯವಾಗಿ ಹೊರಬರಬೇಕಾದರೆ, ಬರೆದವನ ಹಿಂದೆ ವಿಶ್ವವಿದ್ಯಾಲಯ ನಿಲ್ಲುತ್ತದೆಂಬ ಭರವಸೆ ಬೇಕು.

ಇಂಗ್ಲೆಂಡಿನವರು ಈ ನಿಟ್ಟಿನಲ್ಲಿ ಒಂದು ಹೆಜ್ಜೆ ಇಟ್ಟಿದ್ದಾರೆ. ನಮಗೆ ಈ ಅಪರಾಧವನ್ನು ಕಲಿಸಿದ ಆ ದೇಶ 2009ರ ಕಾಯ್ದೆಯ ಮೂಲಕ ಮಾನಹಾ­ನಿಯನ್ನು ಅಪರಾಧಗಳ ಪಟ್ಟಿಯಿಂದ ತೆಗೆದುಹಾಕಿತು. ಬದಲಿ ಚಿಕಿತ್ಸೆಯೊಂದನ್ನು ಟೀಕಿಸಿದ ವಿಜ್ಞಾನ ಲೇಖಕ ಸೈಮನ್ ಸಿಂಗ್ ಅವರ ಮೇಲಿನ ದಾವೆ 2010ರಲ್ಲಿ ಬಿದ್ದುಹೋದ ಬಳಿಕ ನಡೆದ ಚರ್ಚೆಯ ಫಲವಾಗಿ, 2013ರ ಮಾನಹಾನಿ ಕಾಯ್ದೆಯ 6ನೇ ಕಲಂ ತಜ್ಞರ ಪರಿಶೀಲನೆಗೆ ಒಳಪಟ್ಟು ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾದ ಬರಹಕ್ಕೆ, ದುರುದ್ದೇಶವಿಲ್ಲದ ಪಕ್ಷದಲ್ಲಿ, ವಿಶೇಷ ರಕ್ಷಣೆ ಕೊಟ್ಟಿತು. ಶ್ರೀಲಂಕಾ 2002ರಲ್ಲೇ ಮಾನಹಾನಿಯ ಅಪರಾಧವನ್ನು ಕೈಬಿಟ್ಟಿತ್ತು. ನಮ್ಮ ಕಾನೂನು ಆಯೋಗ 2024ರ ಫೆಬ್ರುವರಿಯ 285ನೇ ವರದಿಯಲ್ಲಿ ಇದನ್ನು ಉಳಿಸಿಕೊಳ್ಳಬೇಕೆಂದು ಶಿಫಾರಸು ಮಾಡಿದೆ. ಹೊಸ ಸಂಹಿತೆಯಲ್ಲಿ ಎರಡು ವರ್ಷದವರೆಗಿನ ಸಾದಾ ಸಜೆ, ದಂಡಗಳ ಜೊತೆಗೆ ಸಮುದಾಯ ಸೇವೆಯ ಆಯ್ಕೆಯೊಂದು ಸೇರಿದೆ, ಅಷ್ಟೆ. ಸದ್ಯಕ್ಕೆ ಕಾನೂನು ಇಷ್ಟೇ ಎಂದು ಒಪ್ಪಿಕೊಂಡು, ಅದರೊಳಗೆ ಏನು ಮಾಡಬಹುದೆಂದು ನೋಡಬೇಕಾಗಿದೆ.

ಅದಕ್ಕೂ ಮುನ್ನ ಎದುರು ಪಕ್ಷದ ಮಾತನ್ನೂ ಕೇಳುವುದು ನ್ಯಾಯ. ಚಿಕ್ಕ ಊರಿನಲ್ಲಿ ಹೆಸರೇ ಆಸ್ತಿ. ಹೊಸಪೇಟೆಯ ಒಂದು ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬಳೇ ಇರುವ ಉಪನ್ಯಾಸಕಿಯ ಬಗ್ಗೆ ಕಡಿಮೆ ಅಂಕ ಬಂದ ಸಿಟ್ಟಿನಲ್ಲಿ ಯಾರೋ ಮೊಬೈಲಿನಲ್ಲಿ ಹರಡಿದ ಸುಳ್ಳು ಸಂಜೆಯೊಳಗೆ ಮಾರುಕಟ್ಟೆ ತಲುಪುತ್ತದೆ. ಜಾತಿಯ ಹೆಸರೆತ್ತಿ ಅಧ್ಯಾಪಕರನ್ನು ಹೀಯಾಳಿಸುವ ಬರಹಗಳೂ ಇವೆ. ಇವನ್ನು ವಾಕ್ ಸ್ವಾತಂತ್ರ್ಯವೆಂದು ಕರೆಯಲು ನಾನು ಸಿದ್ಧನಿಲ್ಲ. ಅಂಥವರಿಗೆ ನ್ಯಾಯಾಲಯದ ಬಾಗಿಲು ತೆರೆದೇ ಇರಬೇಕು. ಆದರೆ ವ್ಯಕ್ತಿಯ ಖಾಸಗಿ ಚಾರಿತ್ರ್ಯ ಒಂದು, ಹುದ್ದೆಯ ಕೆಲಸ ಇನ್ನೊಂದು. ಉಪನ್ಯಾಸಕಿಯ ಗೌರವದ ಹೆಸರು ಹೇಳಿ ಆಡಳಿತ ಮಂಡಳಿಯವರು ಕಟ್ಟಡ ನಿಧಿಯ ಲೆಕ್ಕ ಕೇಳಿದವನಿಗೆ ನೋಟಿಸು ಕಳಿಸುವಂತಾಗಬಾರದು.

ಈ ವ್ಯತ್ಯಾಸವನ್ನು ಸರ್ಕಾರಿ ಸೇವೆಯಲ್ಲಿದ್ದ ನನ್ನಂಥವರು ಹಿಂದಿನಿಂದಲೂ ಪಾಲಿಸಿಕೊಂಡು ಬಂದಿದ್ದೇವೆ. ಕೇಂದ್ರ ನಾಗರಿಕ ಸೇವಾ (ನಡತೆ) ನಿಯಮಗಳು, 1964ರ 19ನೇ ನಿಯಮ ಹೀಗೆನ್ನುತ್ತದೆ: ತನ್ನ ಅಧಿಕೃತ ಕಾರ್ಯದ ಮೇಲೆ ಪ್ರತಿಕೂಲ ಟೀಕೆಯೋ ಮಾನಹಾನಿಕರ ದಾಳಿಯೋ ನಡೆದಾಗ, ಸರ್ಕಾರದ ಪೂರ್ವಾನುಮತಿಯಿಲ್ಲದೆ ನೌಕರನು ನ್ಯಾಯಾಲಯಕ್ಕಾಗಲಿ ಪತ್ರಿಕೆಗಾಗಲಿ ಹೋಗುವಂತಿಲ್ಲ. ಮೂರು ತಿಂಗಳೊಳಗೆ ಉತ್ತರ ಬಾರದಿದ್ದರೆ ಅನುಮತಿ ದೊರೆತಂತೆಯೇ. ಖಾಸಗಿ ಚಾರಿತ್ರ್ಯದ ರಕ್ಷಣೆಗೆ ಮಾತ್ರ ಈ ಅಡ್ಡಿಯಿಲ್ಲ. ಸೇವೆಯಲ್ಲಿದ್ದಾಗ ನನ್ನ ಟಿಪ್ಪಣಿಗಳನ್ನೂ ತೀರ್ಮಾನಗಳನ್ನೂ ಪತ್ರಿಕೆಗಳು ಟೀಕಿಸಿದ್ದುಂಟು. ಕೆಲವೊಮ್ಮೆ ಅನ್ಯಾಯವಾಗಿ ಟೀಕಿಸಿದ್ದೂ ಉಂಟು. ಮೊದಮೊದಲು ಈ ನಿಯಮ ಕೈಕಟ್ಟಿದಂತೆ ಅನಿಸುತ್ತಿತ್ತು. ಅದರ ವಿವೇಕ ಅರಿವಾದದ್ದು ನಿಧಾನವಾಗಿ. ಕೋರ್ಟಿಗೆ ಓಡುವಂತಿಲ್ಲವಾದ್ದರಿಂದ ಕಡತ ತೆಗೆದು ನೋಡುತ್ತಿದ್ದೆವು; ಕಡತ ನೋಡಿದಾಗ ಒಮ್ಮೊಮ್ಮೆ ಟೀಕೆಯಲ್ಲಿ ಹುರುಳಿರುವುದು ಕಾಣುತ್ತಿತ್ತು, ಒಮ್ಮೊಮ್ಮೆ ಒಂದು ಪುಟದ ಸ್ಪಷ್ಟೀಕರಣದಲ್ಲಿ ವಿಷಯ ಮುಗಿಯುತ್ತಿತ್ತು.

ಈ ನಿಯಮವನ್ನೇ ವಿದ್ಯಾಸಂಸ್ಥೆಗಳಿಗೆ ವಿಸ್ತರಿಸಬೇಕೆಂಬುದು ನನ್ನ ಸಲಹೆ. ಸಂಸ್ಥೆಯಾಗಲಿ, ಅದರ ಕುಲಪತಿ, ಪ್ರಾಂಶುಪಾಲ, ಆಡಳಿತ ಮಂಡಳಿಯ ಸದಸ್ಯರಾಗಲಿ ತಮ್ಮ ಅಧಿಕೃತ ಕಾರ್ಯದ ಟೀಕೆಗಾಗಿ ವಿದ್ಯಾರ್ಥಿಯ ಮೇಲೆ ಅಥವಾ ಅಧ್ಯಾಪಕರ ಮೇಲೆ ಮಾನಹಾನಿ ದೂರು ಹೂಡುವ ಮುನ್ನ ಎರಡು ಕೆಲಸ ಮಾಡಿರಬೇಕು. ಮೊದಲನೆಯದು, ಆ ಟೀಕೆಗೆ ದಾಖಲೆ ಸಹಿತ ಲಿಖಿತ ಉತ್ತರ ಪ್ರಕಟಿಸಿರಬೇಕು. ಎರಡನೆಯದು, ಸ್ವತಂತ್ರ ವ್ಯಕ್ತಿಯೊಬ್ಬರ ಪೂರ್ವಾನುಮತಿ ಪಡೆದಿರಬೇಕು. ಅಂಥ ವ್ಯಕ್ತಿಯನ್ನು ಹೊಸದಾಗಿ ಹುಡುಕಬೇಕಿಲ್ಲ. ಧನಸಹಾಯ ಆಯೋಗದ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿಯ ಪ್ರಕಾರ ಪ್ರತಿ ವಿಶ್ವವಿದ್ಯಾಲಯಕ್ಕೂ ಒಬ್ಬ ಓಂಬುಡ್ಸ್‌ಪರ್ಸನ್ ಇರಬೇಕು. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಆ ಹುದ್ದೆಗೆ ಅರ್ಹರು. ಅನುಮತಿಯನ್ನು ಅವರೇ ಕೊಡಲಿ ಅಥವಾ ನಿರಾಕರಿಸಲಿ, ಮೂರು ತಿಂಗಳ ಗಡುವಿನಲ್ಲಿ. ಆದರೆ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮ ಸೂಚಿಸುವ ಅವಕಾಶವೂ ಅದೇ ನಿಯಮಾವಳಿಯಲ್ಲಿದೆ. ಅದನ್ನು ಬಳಸುವಾಗ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ 14ನೇ ಕಲಂ ಹೇಳುವ ಮಾತು ನೆನಪಿರಬೇಕು: ಸಾಬೀತುಪಡಿಸಲು ಆಗಲಿಲ್ಲ ಎಂಬ ಮಾತ್ರಕ್ಕೆ ದೂರು ದುರುದ್ದೇಶದ್ದಾಗುವುದಿಲ್ಲ.

ಸಂಶೋಧನೆಯ ವಿಷಯದಲ್ಲಿ ಇನ್ನೊಂದು ಮಾತು. ಪರೀಕ್ಷಕರು ಒಪ್ಪಿ ಪದವಿ ಕೊಟ್ಟ ಮಹಾಪ್ರಬಂಧದ ಮೇಲೆ ಹೊರಗಿನವರು ಮೊಕದ್ದಮೆ ಹೂಡಿದರೆ ಅದರ ಕಾನೂನು ವೆಚ್ಚ ಹೊರುವುದು ಪದವಿ ಕೊಟ್ಟ ವಿಶ್ವವಿದ್ಯಾಲಯದ ಕರ್ತವ್ಯವಾಗಬೇಕು. ಪದವಿಯ ಕೀರ್ತಿಯಲ್ಲಿ ಪಾಲುದಾರರಾದವರು ಕಷ್ಟದಲ್ಲೂ ಪಾಲು ತೆಗೆದುಕೊಳ್ಳಬೇಕಷ್ಟೆ. ಇವಕ್ಕೆಲ್ಲ ಸಂಸತ್ತನ್ನು ಕಾಯಬೇಕಿಲ್ಲ. ಕನ್ನಡ ವಿಶ್ವವಿದ್ಯಾಲಯಕ್ಕೆ 1991ರ ತನ್ನದೇ ಅಧಿನಿಯಮವಿದೆ. ಬಳ್ಳಾರಿಯ ವಿಶ್ವವಿದ್ಯಾಲಯ 2000ದ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮಕ್ಕೆ ಒಳಪಟ್ಟಿದೆ. ಅವುಗಳಡಿಯ ಪರಿನಿಯಮಗಳಲ್ಲಿ ಇದನ್ನು ಸೇರಿಸಬಹುದು. ಖಾಸಗಿ ಕಾಲೇಜುಗಳಿಗೆ ಸಂಯೋಜನೆಯ ಷರತ್ತಾಗಿ ವಿಧಿಸಬಹುದು. ಸರ್ಕಾರಿ ಅಧಿಕಾರ ಚಲಾಯಿಸುವ ಸಂಸ್ಥೆಗಳು ಮಾನನಷ್ಟದ ಪರಿಹಾರ ಕೇಳುವಂತಿಲ್ಲ ಎಂದು 1994ರ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತಿನ ಆಶಯಕ್ಕೂ ಇದು ಹೊಂದುತ್ತದೆ.

ಇದರಿಂದ ಶಿಸ್ತು ಸಡಿಲವಾಗುತ್ತದೆ ಎಂಬ ಆತಂಕ ಕೆಲವರಿಗಿರಬಹುದು. 2020-21ರ ಸುಮಾರಿಗೆ ಕನ್ನಡ ವಿಶ್ವವಿದ್ಯಾಲಯದ ಅನುದಾನದ ಕೊರತೆಯ ಬಗ್ಗೆ ಸಂಶೋಧನಾರ್ಥಿಗಳೂ ಸಾಹಿತಿಗಳೂ ಬಹಿರಂಗವಾಗಿ ದನಿ ಎತ್ತಿದಾಗ ಅದು ಸರ್ಕಾರಕ್ಕೆ ಮುಜುಗರ ತಂದಿರಬಹುದು. ವಿಶ್ವವಿದ್ಯಾಲಯದ ಕಷ್ಟ ನಾಡಿಗೆ ತಿಳಿದದ್ದು ಆ ದನಿಯಿಂದಲೇ. ಸಂಸ್ಥೆಯ ಪರವಾಗಿ ಎದ್ದ ಮಾತನ್ನು ಮೆಚ್ಚಿ, ಸಂಸ್ಥೆಯೊಳಗಿನ ಲೋಪದ ಮೇಲೆ ಎದ್ದ ಮಾತಿಗೆ ನೋಟಿಸು ಕೊಡುವುದು ಸಲ್ಲದು. ಎರಡೂ ಒಂದೇ ಕಾಳಜಿಯ ಎರಡು ಮುಖಗಳು.

ಕಂಪ್ಲಿಯಿಂದ ಬರುವ ಹುಡುಗಿ ಕಾಲೇಜಿನಲ್ಲಿ ಮೂರು ವರ್ಷ ಕಳೆದು ಹೊರಬೀಳುವಾಗ ತಪ್ಪಿಲ್ಲದೆ ಒಂದು ದೂರು ಬರೆಯಲು, ಆಧಾರ ಕೊಟ್ಟು ವಾದಿಸಲು, ಉತ್ತರ ಬಂದಾಗ ಅದನ್ನು ಓದಿ ತಾನು ಹೇಳಿದ್ದನ್ನು ತಿದ್ದಿಕೊಳ್ಳಲು ಕಲಿತಿದ್ದರೆ ಸರ್ಕಾರ ಮತ್ತು ಅವಳ ತಂದೆ ಖರ್ಚು ಮಾಡಿದ ಹಣ ಸಾರ್ಥಕವಾದಂತೆ. ಅವಳಿಗೆ ಇದನ್ನು ಕಲಿಸಬೇಕಾದವರು ಮೊದಲು ತಾವೇ ಉತ್ತರ ಕೊಡುವುದನ್ನು ರೂಢಿಸಿಕೊಳ್ಳಬೇಕು. ಹಂಪಿ ಮತ್ತು ಬಳ್ಳಾರಿಯ ವಿಶ್ವವಿದ್ಯಾಲಯಗಳ ಸಿಂಡಿಕೇಟುಗಳು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಒಂದು ವಿಷಯಕ್ಕೆ ಜಾಗ ಕೊಡಲಿ.